ಪಟ್ಟಿ ಬರೆಯುವವರು ಯಾರು?

ಅಮೆರಿಕದಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಚರ್ಚುಗಳ ಅಂಗಳದಿಂದ ಹದಿನೈದು ಸೀಟಿನ ವ್ಯಾನುಗಳು ಹೊರಡಲು ಶುರುವಾಗುತ್ತವೆ. ಒಳಗೆ ಹದಿನಾಲ್ಕರಿಂದ ಹದಿನೆಂಟರ ಪ್ರಾಯದ ಹುಡುಗ ಹುಡುಗಿಯರು. ಎಲ್ಲರ ಮೈಮೇಲೂ ಒಂದೇ ಬಣ್ಣದ ಟಿ–ಶರ್ಟು, ಬೆನ್ನ ಮೇಲೆ ಬೈಬಲಿನ ಒಂದು ಸಾಲು. ವರ್ಷವಿಡೀ ಶನಿವಾರಗಳಂದು ಕಾರು ತೊಳೆದು, ಕೇಕು ಮಾರಿ ಕೂಡಿಸಿದ ದುಡ್ಡಿನಲ್ಲಿ ಅವರು ಹೋಗುವುದು ಬಡವರ ಬೀದಿಗೆ. ಅದು ಫಿಲಡೆಲ್ಫಿಯದ ಕೆನ್ಸಿಂಗ್ಟನ್ ಇರಬಹುದು, ಅಪಲಾಚಿಯದ ಬೆಟ್ಟಗಳ ನಡುವಿನ ಕಲ್ಲಿದ್ದಲು ಹಳ್ಳಿ ಇರಬಹುದು, ನ್ಯೂ ಆರ್ಲಿಯನ್ಸ್‌ನ ಲೋವರ್ ನೈಂತ್ ವಾರ್ಡ್ ಇರಬಹುದು. ಅಲ್ಲಿನ ಯಾವುದೋ ಚರ್ಚಿನ ಹಾಲಿನಲ್ಲಿ ಗಾಳಿ ತುಂಬಿದ ಹಾಸಿಗೆ ಹಾಸಿ ಮಲಗುತ್ತಾರೆ. ಹಗಲು ಗೋಡೆಗೆ ಬಣ್ಣ, ಅಂಗಳದ ಕಳೆ, ಮಕ್ಕಳಿಗೆ ಹಾಡು ಮತ್ತು ಆಟ. ರಾತ್ರಿ ವೃತ್ತಾಕಾರ ಕೂತು, ಇವತ್ತು ದೇವರನ್ನು ಎಲ್ಲಿ ಕಂಡಿರಿ ಎಂಬ ಪ್ರಶ್ನೆಗೆ ಒಬ್ಬೊಬ್ಬರೇ ಉತ್ತರ ಹೇಳುವುದು. ಶುಕ್ರವಾರ ಊರು ಸುತ್ತಾಟ, ಶನಿವಾರ ವಾಪಸು. ಇದಕ್ಕೆ ಮಿಷನ್ ಟ್ರಿಪ್ ಎಂದು ಹೆಸರು.

ಇದೊಂದು ಸಣ್ಣ ಹವ್ಯಾಸವೆಂದು ತಿಳಿಯಬಾರದು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೊ ಅವರ ಅಂದಾಜಿನಂತೆ 2005ರ ಒಂದೇ ವರ್ಷದಲ್ಲಿ ಸುಮಾರು 16 ಲಕ್ಷ ಅಮೆರಿಕನ್ ಚರ್ಚ್ ಸದಸ್ಯರು ಹೊರದೇಶಗಳಿಗೆ ಇಂಥ ಅಲ್ಪಾವಧಿಯ ಪ್ರಯಾಣ ಮಾಡಿದ್ದರು, ಸರಾಸರಿ ಎಂಟು ದಿನ. ದೇಶದೊಳಗಿನ ಪ್ರಯಾಣಗಳು ಈ ಲೆಕ್ಕಕ್ಕೆ ಸೇರಿಲ್ಲ. ಗ್ಲೆನ್ ಎವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1969ರಲ್ಲಿ ಕೆಂಟಕಿಯ ಹಳ್ಳಿಮನೆಗಳ ರಿಪೇರಿಗೆಂದು ಕಟ್ಟಿದ ಅಪಲಾಚಿಯ ಸರ್ವಿಸ್ ಪ್ರಾಜೆಕ್ಟ್ ಈಗಲೂ ಪ್ರತಿ ಬೇಸಿಗೆಯಲ್ಲಿ ಹದಿಹರೆಯದವರ ಕೈಗೆ ಸುತ್ತಿಗೆ ಕೊಡುತ್ತದೆ. ಅರ್ಧ ಶತಮಾನದಲ್ಲಿ ಇದು ಅಲ್ಲಿನ ಮಧ್ಯಮವರ್ಗದ ಕ್ರೈಸ್ತ ಮಕ್ಕಳಿಗೆ ನಾಮಕರಣ, ಪದವಿ ಪ್ರದಾನಗಳಂಥ ಒಂದು ಸಂಸ್ಕಾರವೇ ಆಗಿಬಿಟ್ಟಿದೆ.

ಬೈಯುವವರೂ ಆಗಿನಿಂದಲೇ ಇದ್ದಾರೆ. 1968ರ ಏಪ್ರಿಲ್‌ನಲ್ಲಿ ಇವಾನ್ ಇಲಿಚ್, ಮೆಕ್ಸಿಕೋದ ಹಳ್ಳಿಗಳಲ್ಲಿ ಸೇವೆ ಮಾಡಲು ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಸದುದ್ದೇಶ ಯಾರಿಗೆ ಬೇಕು ಎಂದು ಕೇಳಿದ. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ತಿರುಳು. ಅವನೂ ಕ್ಯಾಥೊಲಿಕ್ ಪಾದ್ರಿಯೇ ಆದ್ದರಿಂದ ಮಾತಿನ ಪೆಟ್ಟು ಇನ್ನಷ್ಟು ಬಲವಾಗಿ ಬಿತ್ತು. ಆಮೇಲೆ ಬಂದ ಟೀಕೆಗಳಲ್ಲಿ ಬಹುಪಾಲು ಇಲಿಚ್‌ನದೇ ಪ್ರತಿಧ್ವನಿ. ಅಟ್ಲಾಂಟದ ಬಡ ಬಡಾವಣೆಗಳಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ರಾಬರ್ಟ್ ಲಪ್ಟನ್ 2011ರಲ್ಲಿ ಬರೆದ ಪುಸ್ತಕಕ್ಕೆ ವಿಷಕಾರಿ ದಾನ ಎಂಬರ್ಥದ ಹೆಸರಿಟ್ಟರು. ಈಗಂತೂ ಬಡಮಕ್ಕಳನ್ನು ತಬ್ಬಿಕೊಂಡ ಬಿಳಿ ಹುಡುಗಿಯ ಫೋಟೊ ನಗೆಪಾಟಲಿನ ವಸ್ತು.

ಟೀಕೆಯಲ್ಲಿ ಹುರುಳಿದೆ. ಆದರೆ ಸೇವೆಗೆಂದು ಹೋಗಲೇಬೇಡಿ ಎಂಬ ಇಲಿಚ್‌ನ ತೀರ್ಪು ದೇಶದೊಳಗಿನ ಪ್ರಯಾಣಕ್ಕೆ ಸಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ. ಕೆಲಸದ ಪಟ್ಟಿಯನ್ನು ಯಾರು ಬರೆಯುತ್ತಾರೆ, ಮನೆಗೆ ಮರಳಿದ ಮೇಲೆ ಆ ಮಕ್ಕಳು ಯಾರನ್ನು ಪ್ರಶ್ನಿಸುತ್ತಾರೆ, ಈ ಎರಡರ ಮೇಲೆ ಆ ವಾರದ ಬೆಲೆ ನಿಂತಿದೆ. ಇದನ್ನು ಗಾಳಿಯಲ್ಲಿ ವಾದಿಸುವ ಬದಲು ಲೋವರ್ ನೈಂತ್ ವಾರ್ಡನ್ನೇ ಹತ್ತಿರದಿಂದ ನೋಡಬಹುದು. ಅಮೆರಿಕದ ಚರ್ಚ್ ಯುವಕರು ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ವರ್ಷ ಸತತವಾಗಿ ಹೋದ ಬಡಾವಣೆಗಳು ಹೆಚ್ಚಿಲ್ಲ.

ಮಿಸಿಸಿಪ್ಪಿ ನದಿಯ ದಂಡೆಯ ಈ ಬಡಾವಣೆಯನ್ನು 1923ರಲ್ಲಿ ತೆರೆದ ಇಂಡಸ್ಟ್ರಿಯಲ್ ಕೆನಾಲ್ ಉಳಿದ ಊರಿನಿಂದ ಕತ್ತರಿಸಿ ಹಾಕಿತು. ಕಪ್ಪು ಜನಾಂಗದ ಕೂಲಿಗಳು, ಬಂದರು ಕಾರ್ಮಿಕರು ಇಲ್ಲಿ ಅಗ್ಗಕ್ಕೆ ನೆಲ ಕೊಂಡು ಮನೆ ಕಟ್ಟಿಕೊಂಡರು. ಬಡವರ ಬಡಾವಣೆ ನಿಜ, ಆದರೆ ಬಾಡಿಗೆದಾರರ ಬಡಾವಣೆಯಲ್ಲ. ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಮಾಲೀಕರೇ ವಾಸವಿದ್ದರು, ನ್ಯೂ ಆರ್ಲಿಯನ್ಸ್‌ನ ಒಟ್ಟು ಸರಾಸರಿಗಿಂತ ಅದು ಹೆಚ್ಚು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತದ ನೀರಿಗೆ ಆ ಕಾಲುವೆಯ ಗೋಡೆ ಎರಡು ಕಡೆ ಬಿತ್ತು. ಒಡೆದ ಜಾಗದಿಂದ ಒಂದು ದೈತ್ಯ ಬಾರ್ಜು ದೋಣಿಯೇ ತೇಲಿ ಬಂದು ಮನೆಗಳ ಮೇಲೆ ಕೂತಿತು. ಅಡಿಪಾಯದಿಂದ ಕಿತ್ತುಬಂದ ಮನೆಗಳು ರಸ್ತೆಯ ನಡುವೆ ನಿಂತವು. 2000ದ ಜನಗಣತಿಯಲ್ಲಿ ಸುಮಾರು 14 ಸಾವಿರವಿದ್ದ ಜನಸಂಖ್ಯೆ 2010ರಲ್ಲಿ 3 ಸಾವಿರಕ್ಕೂ ಕೆಳಗಿಳಿಯಿತು.

ಪ್ರವಾಹ ಇಳಿದ ಮೇಲೆ ಅಲ್ಲಿ ಮಾಡಬೇಕಾಗಿದ್ದ ಕೆಲಸಕ್ಕೆ ಗಟ್ಟಿಂಗ್ ಎನ್ನುತ್ತಾರೆ, ಮನೆಯ ಕರುಳು ತೆಗೆಯುವುದು. ವಾರಗಟ್ಟಲೆ ಕೊಳೆತ ನೀರಿನಲ್ಲಿ ನಿಂತ ಮನೆಯೊಳಗೆ ಮುಖಗವಸು ಹಾಕಿಕೊಂಡು ಹೋಗಿ, ಒದ್ದೆ ಹಾಸಿಗೆ, ಪೆಟ್ಟಿಗೆ, ಹುಳು ತುಂಬಿದ ಫ್ರಿಜ್ಜು ಎಲ್ಲವನ್ನೂ ರಸ್ತೆಬದಿಗೆ ಹೊತ್ತು ಹಾಕಬೇಕು. ಆಮೇಲೆ ಬೂಷ್ಟು ಹಿಡಿದ ಗೋಡೆಯ ಹಲಗೆಗಳನ್ನು ಮರದ ಚೌಕಟ್ಟು ಕಾಣುವವರೆಗೆ ಕಿತ್ತುಹಾಕಬೇಕು. ಗುತ್ತಿಗೆದಾರರು ಇದಕ್ಕೆ ಸಾವಿರಾರು ಡಾಲರ್ ಕೇಳುತ್ತಿದ್ದರು. ಕುಶಲತೆ ಅಷ್ಟೇನೂ ಬೇಡ, ತೋಳು ಬೇಕು, ಹೊಟ್ಟೆ ತೊಳಸಿದರೂ ತಡೆದುಕೊಳ್ಳುವ ಹುರುಪು ಬೇಕು. ಹದಿನೇಳರ ಹುಡುಗರಲ್ಲಿ ಇವೆರಡೂ ಧಾರಾಳ. ಅದಕ್ಕೆ ಇನ್ನೊಂದು ಒತ್ತಡವೂ ಸೇರಿತ್ತು. 2006ರ ಜನವರಿಯಲ್ಲಿ ಪುನರ್ನಿರ್ಮಾಣ ಆಯೋಗದ ನಕ್ಷೆಯೊಂದು ಪತ್ರಿಕೆಯಲ್ಲಿ ಬಂತು. ಬ್ರಾಡ್‌ಮೂರ್‌ನಂಥ ಬಡಾವಣೆಗಳ ಮೇಲೆ ಹಸಿರು ಚುಕ್ಕೆ, ಮುಂದೆ ಅಲ್ಲಿ ಉದ್ಯಾನ ಬರಬಹುದೆಂಬ ಸೂಚನೆ. ತಗ್ಗಿನ ಬಡಾವಣೆಗಳ ಜನರಿಗೆಲ್ಲ ನಡುಕ ಹುಟ್ಟಿತು. ಅದರ ಹಿಂದೆಯೇ, ಆ ವರ್ಷದ ಆಗಸ್ಟ್ 29ರೊಳಗೆ ಮನೆ ಚೊಕ್ಕ ಮಾಡದ ಮಾಲೀಕರು ಕ್ರಮ ಎದುರಿಸಬೇಕೆಂದು ನಗರಸಭೆ ಗಡುವು ಹಾಕಿತು. ಹ್ಯೂಸ್ಟನ್ನಿನಲ್ಲೋ ಅಟ್ಲಾಂಟದಲ್ಲೋ ಬಂಧುಗಳ ಮನೆಯ ಸೋಫಾದ ಮೇಲೆ ಮಲಗುತ್ತಿದ್ದ ಮುದುಕಿಯೊಬ್ಬಳು ತನ್ನ ಮನೆಯ ಕರುಳು ತೆಗೆಸಿದಳೆಂದರೆ, ನಾನು ವಾಪಸು ಬರುವವಳು ಎಂದು ಆಡಳಿತಕ್ಕೆ ಅರ್ಜಿ ಬರೆದ ಹಾಗೆ. ಚರ್ಚಿನ ಹುಡುಗರ ತೋಳು ಆಗ ಆ ಅರ್ಜಿಗೆ ಸಾಕ್ಷಿಯಾಯಿತು. ಯಾವ ಮನೆ, ಯಾವಾಗ, ಏನನ್ನು ಎಸೆಯಬೇಕು, ಯಾವ ಫೋಟೊ ಆಲ್ಬಮ್ ಉಳಿಸಬೇಕು ಎಂಬುದೆಲ್ಲ ಮನೆಯವರ ಮಾತಿನ ಮೇಲೆ ನಡೆಯುವಂಥದ್ದು. ಪಟ್ಟಿ ಅವರದು. ಇಲಿಚ್ ಇದಕ್ಕೆ ಏನೆನ್ನುತ್ತಿದ್ದನೋ, ನನಗಂತೂ ಅಲ್ಲಿ ತಪ್ಪು ಕಾಣುವುದಿಲ್ಲ.

ವರ್ಷ ಕಳೆದಂತೆ ಕೆಲಸದ ಸ್ವಭಾವ ಬದಲಾಯಿತು, ಪ್ರಯಾಣದ ಸ್ವಭಾವ ಬದಲಾಗಲಿಲ್ಲ. ತೊಂದರೆ ಶುರುವಾಗುವುದು ಇಲ್ಲಿ. ಕಿತ್ತದ್ದು ಮುಗಿದ ಮೇಲೆ ಕಟ್ಟುವ ಕೆಲಸ. ಅದಕ್ಕೆ ವಿದ್ಯುತ್ ತಂತಿ ಎಳೆಯುವವರು, ಪ್ಲಂಬರುಗಳು, ಬಡಗಿಗಳು ಬೇಕು. ಅಂಥವರು ನ್ಯೂ ಆರ್ಲಿಯನ್ಸ್‌ನಲ್ಲೇ ಇದ್ದರು, ಅವರಿಗೆ ಕೂಲಿಯೂ ಬೇಕಿತ್ತು. ಆದರೆ ವ್ಯಾನುಗಳಲ್ಲಿ ಬಂದ ಇಪ್ಪತ್ತು ಜನರಿಗೆ ಸೋಮವಾರ ಬೆಳಗ್ಗೆ ಎಂಟಕ್ಕೆ ಏನಾದರೂ ಕೆಲಸ ಕೊಡಲೇಬೇಕಲ್ಲ. ಹೀಗಾದಾಗ ಪಟ್ಟಿ ತಿರುಗುಮುರುಗಾಗುತ್ತದೆ. ಬೀದಿಗೆ ಏನು ಬೇಕು ಎಂಬ ಪ್ರಶ್ನೆಯ ಜಾಗದಲ್ಲಿ, ಬಂದವರಿಗೆ ಏನು ಕೊಡೋಣ ಎಂಬ ಪ್ರಶ್ನೆ ಬಂದು ಕೂರುತ್ತದೆ. ಬಣ್ಣ ಹೊಡೆಯುವುದು ಇಂಥ ತಂಡಗಳ ಅಚ್ಚುಮೆಚ್ಚಿನ ಕೆಲಸವಾದದ್ದು ಸುಮ್ಮನಲ್ಲ. ಅದು ಬೇಗ ಕಲಿಯುವಂಥದ್ದು, ಬೇಗ ಕಾಣುವಂಥದ್ದು, ಫೋಟೊದಲ್ಲಿ ಮೊದಲು ಮತ್ತು ಆಮೇಲೆ ಎಂದು ತೋರಿಸಲು ಬರುವಂಥದ್ದು.

ಇದರ ಭಾರ ಹೆಚ್ಚಾಗಿ ಬೀಳುವುದು ಬಡಾವಣೆಯ ಸಣ್ಣ ಚರ್ಚಿನ ಮೇಲೆ. ಅದರ ಪಾದ್ರಿಗೆ ಸಾವು, ಜೈಲು, ಆಸ್ಪತ್ರೆ, ಬಾಡಿಗೆ ಬಾಕಿ ಎಂದು ಮೈತುಂಬ ಕೆಲಸ. ಬೇಸಿಗೆ ಬಂದರೆ ಅವನು ಛತ್ರದ ಮ್ಯಾನೇಜರನೂ ಆಗಬೇಕು. ಬರುವವರಿಗೆ ಸ್ನಾನದ ನೀರು, ಮಲಗುವ ಜಾಗ, ಕಡಲೆಬೀಜ ಆಗದವರಿಗೆ ಬೇರೆ ಊಟ, ಸಂಜೆ ಅವರೆದುರು ನಿಂತು ಬಡಾವಣೆಯ ಕಷ್ಟ ಕುರಿತು ಒಂದು ಭಾಷಣ. ಮಕ್ಕಳ ಬೈಬಲ್ ಶಾಲೆಯದು ಇನ್ನೂ ಸೂಕ್ಷ್ಮದ ವಿಷಯ. ಬೀದಿಯ ಏಳೆಂಟು ವರ್ಷದ ಮಕ್ಕಳು ಸೋಮವಾರ ಒಬ್ಬ ಅಕ್ಕನ ಕೈ ಹಿಡಿದರೆ ಶುಕ್ರವಾರ ಅವಳು ಅಳುತ್ತಾ ಬೀಳ್ಕೊಂಡು ಹೋಗುತ್ತಾಳೆ. ಮುಂದಿನ ಸೋಮವಾರ ಇನ್ನೊಂದು ಬಣ್ಣದ ಟಿ–ಶರ್ಟಿನಲ್ಲಿ ಇನ್ನೊಬ್ಬ ಅಕ್ಕ ಬರುತ್ತಾಳೆ, ಅದೇ ಹಾಡು, ಅದೇ ಬಣ್ಣದ ಕಾಗದ. ಅಕ್ಕನ ಪಾಲಿಗೆ ಜೀವಮಾನದ ನೆನಪಾಗುವ ಆ ಅಳು ಮಗುವಿನ ಪಾಲಿಗೆ ಒಂದೇ ಬೇಸಿಗೆಯಲ್ಲಿ ಹಲವು ಸಲ ನಡೆಯುವ ಸಂಗತಿ. ಮಕ್ಕಳ ಕೆಲಸವನ್ನು ವರ್ಷವಿಡೀ ಅಲ್ಲೇ ಇರುವವರ ಕೈಗೆ ಬಿಟ್ಟು, ಬಂದವರು ಅಡುಗೆಮನೆಯಲ್ಲಿ ಪಾತ್ರೆ ತೊಳೆದರೆ ಎಷ್ಟೋ ಲೇಸು. ಪಾತ್ರೆ ತೊಳೆಯುವ ಫೋಟೊ ಯಾರಿಗೂ ಬೇಡ, ಅದೊಂದು ತೊಡಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಮತ್ತಾಯನ ಸುವಾರ್ತೆಯಲ್ಲಿ ಓದಿದ ಮಕ್ಕಳಿಗೆ ಅದೇ ಸುವಾರ್ತೆಯ ಬೇರೆ ಸಾಲನ್ನು ಬೆನ್ನ ಮೇಲೆ ಅಚ್ಚು ಹಾಕಿಸಿ ಕಳಿಸುವವರು ದೊಡ್ಡವರು. ತಪ್ಪು ಮಕ್ಕಳದಲ್ಲ.

ಹಣದ ಲೆಕ್ಕವನ್ನೂ ನೋಡಬೇಕು. ಮಿಷಿಗನ್ನಿನ ಕ್ಯಾಲ್ವಿನ್ ಕಾಲೇಜಿನ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಉತ್ತರ ಅಮೆರಿಕದ ಚರ್ಚ್ ತಂಡಗಳು ಕಟ್ಟಿದ ಮನೆಗಳನ್ನೂ ಅಲ್ಲಿನವರೇ ಕಟ್ಟಿದ ಮನೆಗಳನ್ನೂ ಹೋಲಿಸಿದರು. ಪ್ರಯಾಣದ ಖರ್ಚು ಸೇರಿಸಿದರೆ ತಂಡದ ಒಂದು ಮನೆಯ ವೆಚ್ಚ ಸುಮಾರು 30 ಸಾವಿರ ಡಾಲರ್. ಸ್ಥಳೀಯ ಸಂಸ್ಥೆಯದು ಸುಮಾರು 2 ಸಾವಿರ. ಮನೆ ಪಡೆದವರ ಬದುಕಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹೋಗಿ ಬಂದವರು ತಾವು ಬಹಳ ಬದಲಾದೆವೆಂದು ಹೇಳಿದರೂ ಅವರ ದಾನದ ರೂಢಿಯಲ್ಲಿ ಬಾಳುವ ಬದಲಾವಣೆ ತೀರಾ ಕಡಿಮೆ ಇತ್ತು. ಇದನ್ನು ಓದಿದವರು ಸಾಮಾನ್ಯವಾಗಿ ಹಾಗಾದರೆ ಚೆಕ್ಕು ಕಳಿಸಿ ಮನೆಯಲ್ಲಿರಿ ಎನ್ನುತ್ತಾರೆ. ಅದಕ್ಕೆ ಯೂತ್ ಪಾಸ್ಟರುಗಳ ಬಳಿ ಸಿದ್ಧ ಉತ್ತರವಿದೆ: ಚೆಕ್ಕು ಬರೆಯಿರಿ ಎಂದರೆ ಯಾರೂ ಬರೆಯುವುದಿಲ್ಲ, ಪಕ್ಕದ ಮನೆಯ ಹುಡುಗಿ ಮಿಷನ್ ಟ್ರಿಪ್ಪಿಗೆ ಹೊರಟಿದ್ದಾಳೆಂದರೆ ಐವತ್ತು ಡಾಲರ್ ಕೊಡುತ್ತಾರೆ. ಈ ಉತ್ತರವನ್ನು ನಾನು ತಳ್ಳಿಹಾಕಲಾರೆ, ಮನುಷ್ಯರು ಇರುವುದೇ ಹಾಗೆ. ಆದರೆ ಈ ಉತ್ತರ ಒಪ್ಪಿದೊಡನೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಆ ಐವತ್ತು ಡಾಲರ್ ಬಂದದ್ದು ಹುಡುಗಿಗಾಗಿ, ಅವಳ ಕಲಿಕೆಗಾಗಿ. ಅಂದರೆ ಇದು ಶಿಕ್ಷಣ ಪ್ರವಾಸ. ಬಡಾವಣೆ ಅಲ್ಲಿ ಪಾಠಶಾಲೆ, ಪಾದ್ರಿ ಮೇಷ್ಟ್ರು, ಮನೆಯ ಮುದುಕಿ ಮೇಡಂ. ಕಲಿಯುವವರು ಶುಲ್ಕ ಕಟ್ಟಬೇಕಾದದ್ದು ನ್ಯಾಯ. ಪ್ರತಿ ತಂಡ ತನ್ನ ಖರ್ಚಿನಷ್ಟೇ ಮೊತ್ತವನ್ನು ಬಡಾವಣೆಯ ಕೈಗೆ, ಹೀಗೇ ಖರ್ಚು ಮಾಡಿ ಎಂಬ ಷರತ್ತಿಲ್ಲದೆ ಇಡಬೇಕೆಂದು ನಿಯಮ ಮಾಡಿದರೆ ಎಷ್ಟು ವ್ಯಾನು ಹೊರಟಾವೆಂದು ನೋಡುವ ಕುತೂಹಲ ನನಗಿದೆ.

ಈ ಲೆಕ್ಕಾಚಾರ ಚರ್ಚಿಗಷ್ಟೇ ಸೇರಿದ್ದಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ ಹೈಸ್ಕೂಲು ದಾಟಲು 75 ಗಂಟೆ ಸೇವೆ ಕಡ್ಡಾಯ. ಅಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರೂ ಮಗನ ಗಂಟೆಗಳನ್ನು ಎಣಿಸುವವರೇ. ನಮ್ಮಲ್ಲಿ 1969ರಿಂದ ನಡೆದುಬಂದ ಎನ್ನೆಸ್ಸೆಸ್ಸಿನ ಏಳು ದಿನದ ಶಿಬಿರಕ್ಕೂ ಇದೇ ಪ್ರಶ್ನೆ ಕೇಳಬಹುದು. ಕಾಲೇಜಿನವರು ಬಂದು ಶಾಲೆಯ ಕಾಂಪೌಂಡಿಗೆ ಸುಣ್ಣ ಹೊಡೆದು ಹೋಗುತ್ತಾರೆ, ಊರಿನ ಬತ್ತಿದ ಕೊಳವೆಬಾವಿಯ ಮಾತು ಸಮಾರೋಪದ ಭಾಷಣದಲ್ಲೂ ಬರುವುದಿಲ್ಲ.

ಲೋವರ್ ನೈಂತ್ ವಾರ್ಡಿನ ಬತ್ತಿದ ಬಾವಿ ಯಾವುದು? ಜನ ವಾಪಸಾಗದೆ ಉಳಿದದ್ದು ಬಣ್ಣವಿಲ್ಲದೆ ಅಲ್ಲ. ರಿಪೇರಿಗೆ ಹಣ ಹಂಚಲು ಕೇಂದ್ರ ಸರ್ಕಾರ ದುಡ್ಡು ಕೊಟ್ಟು ಲೂಸಿಯಾನ ರಾಜ್ಯ ನಡೆಸಿದ ಯೋಜನೆಯ ಹೆಸರು ರೋಡ್ ಹೋಮ್. ಗರಿಷ್ಠ ನೆರವು 1,50,000 ಡಾಲರ್. ಆದರೆ ಲೆಕ್ಕ ಹಾಕಿದ ಸೂತ್ರದಲ್ಲಿ ಕೊಕ್ಕೆಯಿತ್ತು. ರಿಪೇರಿಯ ಖರ್ಚು, ಪ್ರವಾಹಕ್ಕೆ ಮುಂಚಿನ ಮನೆಯ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಆಧಾರದ ಮೇಲೆ ನೆರವು, ಅದರಿಂದ ವಿಮೆಯ ಹಣ ವಜಾ. ಒಂದೇ ಅಳತೆಯ, ಒಂದೇ ಬಗೆಯ ಎರಡು ಮನೆ ಊಹಿಸಿಕೊಳ್ಳಿ. ಎರಡರ ರಿಪೇರಿಗೂ ಒಂದೂವರೆ ಲಕ್ಷ ಡಾಲರ್ ಬೇಕು. ಬಿಳಿಯರ ಬಡಾವಣೆಯ ಮನೆಯ ಬೆಲೆ ಎರಡೂವರೆ ಲಕ್ಷ, ಹಾಗಾಗಿ ಪೂರ್ತಿ ಒಂದೂವರೆ ಲಕ್ಷ ದಕ್ಕೀತು. ಕಪ್ಪು ಜನರ ಬಡಾವಣೆಯ ಮನೆಯ ಬೆಲೆ ಎಂಬತ್ತು ಸಾವಿರ, ಅವರಿಗೆ ಎಂಬತ್ತೇ ಮಿತಿ. ಮರದ ಬೆಲೆ, ಬಡಗಿಯ ಕೂಲಿ ಎರಡೂ ಕಡೆ ಒಂದೇ. ಮಿಕ್ಕ ಎಪ್ಪತ್ತು ಸಾವಿರವನ್ನು ಆ ಮುದುಕಿ ಎಲ್ಲಿಂದ ತರಬೇಕು? 2008ರಲ್ಲಿ ವಸತಿ ಹಕ್ಕಿನ ಸಂಘಟನೆಗಳು ಮತ್ತು ಮನೆ ಮಾಲೀಕರು ಕೋರ್ಟಿಗೆ ಹೋದರು. 2011ರಲ್ಲಿ ರಾಜಿಯಾಗಿ ಸುಮಾರು 6.2 ಕೋಟಿ ಡಾಲರ್ ಹೆಚ್ಚುವರಿ ನೆರವು ಒಪ್ಪಿತವಾಯಿತು. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಅಷ್ಟು ದಿನ ಕಾಯದೆ ಹ್ಯೂಸ್ಟನ್ನಿನಲ್ಲೇ ಬೇರು ಬಿಟ್ಟವರು ಎಷ್ಟೋ.

ಇನ್ನೊಂದು ಅಡ್ಡಿ ನಮ್ಮ ತಾಲ್ಲೂಕು ಕಚೇರಿಯ ಮುಂದೆ ನಿಂತವರಿಗೆ ಬೇಗ ಅರ್ಥವಾಗುತ್ತದೆ. ಪೌತಿ ಖಾತೆಯೇ ಆಗದ ಮನೆಗಳು. ಅಜ್ಜ ಕಟ್ಟಿದ್ದು, ಅಪ್ಪ ವಾಸವಿದ್ದದ್ದು, ಈಗ ಮೊಮ್ಮಗಳು ತೆರಿಗೆ ಕಟ್ಟುತ್ತಿರುವುದು, ಆದರೆ ಕಾಗದ ಇನ್ನೂ ಅಜ್ಜನ ಹೆಸರಿನಲ್ಲಿ. ಹಕ್ಕುಪತ್ರ ಸರಿಯಿಲ್ಲದೆ ನೆರವು ಸಿಗದು. ಕಾಗದ ಸರಿಪಡಿಸಲು ಊರೂರು ಚದುರಿದ ದಾಯಾದಿಗಳ ಸಹಿ ಬೇಕು, ವಕೀಲ ಬೇಕು. ಕಾನೂನು ನೆರವಿನ ಸಂಸ್ಥೆಗಳು ಸಾವಿರಾರು ಮನೆಗಳ ಈ ಸಿಕ್ಕು ಬಿಡಿಸಲು ಕೂತವು. ಆ ಬೀದಿಯವರೇ ಪಟ್ಟಿ ಬರೆದಿದ್ದರೆ ಅದರ ಮೊದಲ ಸಾಲಿನಲ್ಲಿ ಇದೇ ಇರುತ್ತಿತ್ತು. ಹದಿನಾರರ ಹುಡುಗನಿಗೆ ಇದರಲ್ಲಿ ಕೆಲಸವಿಲ್ಲ ಎನ್ನಬೇಡಿ. ಮುದುಕಿಯನ್ನು ಕಚೇರಿಗೆ ಕರೆದೊಯ್ಯುವ ದೊಡ್ಡವರ ಜೊತೆ ಹೋಗಬಹುದು, ಸರತಿಯಲ್ಲಿ ಅವಳ ಬದಲು ನಿಲ್ಲಬಹುದು, ಜೆರಾಕ್ಸ್ ಮಾಡಿಸಬಹುದು. ಬೇಸರದ ಕೆಲಸ, ಅಷ್ಟೇ.

2009ರ ಜುಲೈನಲ್ಲಿ ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಚರ್ಚಿನ ಸುಮಾರು 37 ಸಾವಿರ ಯುವಜನ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದರು. ಸಮಾವೇಶದ ಘೋಷವಾಕ್ಯದಲ್ಲಿ ಯೇಸು, ನ್ಯಾಯ, ಜಾಝ್ ಎಂಬ ಮೂರು ಪದಗಳಿದ್ದವು. ನಾಲ್ಕು ವರ್ಷದ ಹಿಂದೆ ಮನೆ ಕಳೆದುಕೊಂಡವರು ಕುಡಿಯುವ ನೀರಿಗೆ ಪರದಾಡಿದ ಅದೇ ಸೂಪರ್‌ಡೋಮ್‌ನಲ್ಲಿ ರಾತ್ರಿ ಪ್ರಾರ್ಥನೆ, ಹಗಲು ಊರ ತುಂಬ ಸೇವೆ. ಆ ಹೊತ್ತಿಗೆ ರೋಡ್ ಹೋಮ್ ಮೊಕದ್ದಮೆ ಕೋರ್ಟಿನಲ್ಲಿತ್ತು. 37 ಸಾವಿರ ಮಕ್ಕಳು ಎಷ್ಟು ಗೋಡೆಗೆ ಬಣ್ಣ ಬಳಿದರೂ ಆ ಸೂತ್ರದ ಒಂದು ಸಾಲು ಕಿತ್ತುಕೊಂಡದ್ದನ್ನು ತುಂಬಿಕೊಡಲಾರರು. ಘೋಷವಾಕ್ಯದ ನಡುವಿನ ಪದಕ್ಕೆ ಅರ್ಥವಿರಬೇಕಾದರೆ ಆ ಸೂತ್ರದ ಮಾತು ಅವರಿಗೆ ಗೊತ್ತಾಗಬೇಕಿತ್ತು.

ಸೇವೆಯನ್ನು ಕಡೆಗಣಿಸಿ ರಾಜಕೀಯ ಮಾಡಿ ಎಂದು ಇದರ ಅರ್ಥವೇ ಎಂದು ಕೇಳುವವರಿದ್ದಾರೆ. ಚರ್ಚಿನೊಳಗೂ ಈ ಪ್ರಶ್ನೆ ಜೋರಾಗಿಯೇ ಇದೆ: ನಾವು ಗೋಡೆ ಕಟ್ಟಲು ಬಂದವರು, ಸರ್ಕಾರ ಬೈಯಲು ಬಂದವರಲ್ಲ. ಅಮೆರಿಕದ ಕ್ರೈಸ್ತರಲ್ಲೇ ಇದಕ್ಕೆ ಬೇರೆ ಪರಂಪರೆಯಿದೆ. 1942ರಲ್ಲಿ ಜಾರ್ಜಿಯಾದ ಅಮೆರಿಕಸ್ ಬಳಿ ಕ್ಲಾರೆನ್ಸ್ ಜೋರ್ಡನ್ ಮತ್ತು ಸಂಗಡಿಗರು ಕೊಯ್ನೊನಿಯ ಎಂಬ ಕೃಷಿ ಸಮುದಾಯ ಕಟ್ಟಿ, ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಉಂಡು ದುಡಿಯುವ ಬದುಕು ನಡೆಸಿದರು. ಅದಕ್ಕಾಗಿ ಗುಂಡಿನ ದಾಳಿ, ವ್ಯಾಪಾರ ಬಹಿಷ್ಕಾರ ಎರಡನ್ನೂ ಉಂಡರು. ಮನೆ ಕಟ್ಟುವ ಸೇವೆಗೆ ಜಗತ್ತಿನಲ್ಲೇ ಹೆಸರಾದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ 1976ರಲ್ಲಿ ಹುಟ್ಟಿದ್ದು ಆ ಹೊಲದ ಬದುವಿನಲ್ಲೇ. ಅಲ್ಲಿ ಸುತ್ತಿಗೆಯೂ ಇತ್ತು, ಸಮಾಜದ ನಿಯಮವನ್ನು ಎದುರಿಸುವ ಎದೆಯೂ ಇತ್ತು. ಕರಾವಳಿ ಕರ್ನಾಟಕ ಕಂಡ ಬಾಸೆಲ್ ಮಿಷನ್ನಿನವರ ಉದ್ದೇಶದ ಬಗ್ಗೆ ಏನೇ ತಕರಾರಿರಲಿ, ಅವರು ಇಲ್ಲಿಯ ಭಾಷೆ ಕಲಿಯದೆ ಕೆಲಸಕ್ಕೆ ಕೈಹಾಕಲಿಲ್ಲ. ಅವರಲ್ಲೊಬ್ಬರಾದ ಕಿಟೆಲ್ 1853ರಲ್ಲಿ ಬಂದವರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಒಂದು ವಾರಕ್ಕೆ ಬಂದವರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಭಾಷೆ ಬಲ್ಲವರ ಮಾತು ಕೇಳಿರಿ ಎನ್ನುವುದು ಅನ್ಯಾಯವಲ್ಲ.

ದೇಶದೊಳಗಿನ ಪ್ರಯಾಣ ಬೇರೆ ಎಂದು ಮೊದಲೇ ಅಂದೆನಲ್ಲ, ಕಾರಣ ಇದು. ಇಲಿಚ್‌ನ ವಿದ್ಯಾರ್ಥಿಗಳಿಗೆ ಮೆಕ್ಸಿಕೋದಲ್ಲಿ ಮತವಿರಲಿಲ್ಲ. ಅಲ್ಲಿಯ ಯಾವ ಅಧಿಕಾರಿಯೂ ಅವರಿಗೆ ಉತ್ತರ ಕೊಡಬೇಕಿರಲಿಲ್ಲ. ಮಿನೆಸೋಟದಿಂದ ಲೋವರ್ ನೈಂತ್ ವಾರ್ಡಿಗೆ ಬರುವ ಹುಡುಗನ ಸ್ಥಿತಿ ಹಾಗಲ್ಲ. ನ್ಯೂ ಆರ್ಲಿಯನ್ಸ್‌ನ ಪ್ರವಾಹದ ಗೋಡೆಗಳನ್ನು ಕಟ್ಟಿದ್ದು ಅವನ ದೇಶದ ಸೇನಾ ಎಂಜಿನಿಯರ್ ದಳ. ವಿನ್ಯಾಸದಲ್ಲೇ ದೋಷವಿತ್ತೆಂದು 2006ರಲ್ಲಿ ಒಪ್ಪಿಕೊಂಡದ್ದೂ ಅದೇ ದಳ. ರೋಡ್ ಹೋಮ್‌ಗೆ ಹಣ ಕೊಟ್ಟದ್ದು ಅವನ ತಂದೆ ತಾಯಿ ಆರಿಸಿದ ಕಾಂಗ್ರೆಸ್ಸು. ಇನ್ನು ಒಂದೆರಡು ವರ್ಷಕ್ಕೆ ಅವನೂ ಮತದಾರ. ಲೋವರ್ ನೈಂತ್ ವಾರ್ಡಿನಲ್ಲಿ ಅವನು ಅತಿಥಿಯೂ ಹೌದು, ಆ ಮನೆಗಳ ನಾಶದಲ್ಲಿ ದೂರದ ಪಾಲುದಾರನೂ ಹೌದು. ಅಂಥವನು ಅಲ್ಲಿಗೆ ಹೋಗಿ ನೋಡಲೇಬೇಕು.

ಊರಿಗೆ ಮರಳಿದ ಭಾನುವಾರ ಆರಾಧನೆಯ ಮಧ್ಯೆ ಯುವಕರ ವರದಿಗೆ ಐದು ನಿಮಿಷ ಬಿಡುವುದು ಆ ಚರ್ಚುಗಳಲ್ಲಿ ವಾಡಿಕೆ. ಪರದೆಯ ಮೇಲೆ ಫೋಟೊಗಳು ಓಡುತ್ತವೆ, ಹಿನ್ನೆಲೆಗೆ ಒಂದು ಹಾಡು, ಒಬ್ಬ ಹುಡುಗಿ ಮೈಕು ಹಿಡಿದು ನಾವು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎನ್ನುತ್ತಾಳೆ. ಆ ಮಾತು ಅಕ್ಷರಶಃ ನಿಜ, ಸಭೆಯೂ ಕಣ್ಣೊರೆಸಿಕೊಳ್ಳುತ್ತದೆ. ಅದೇ ಐದು ನಿಮಿಷದಲ್ಲಿ ಎರಡೂವರೆ ಲಕ್ಷದ ಮನೆ, ಎಂಬತ್ತು ಸಾವಿರದ ಮನೆಯ ಲೆಕ್ಕವನ್ನು ಪರದೆಯ ಮೇಲೆ ಹಾಕಿ ವಿವರಿಸಲೂ ಸಮಯ ಸಾಲುತ್ತದೆ. ಸಭೆಯಲ್ಲಿ ಬ್ಯಾಂಕಿನವರಿರುತ್ತಾರೆ, ಮನೆಯ ಬೆಲೆ ಕಟ್ಟುವ ವೃತ್ತಿಯವರಿರುತ್ತಾರೆ, ಸಂಸದರ ಕಚೇರಿಯ ಫೋನ್ ನಂಬರ್ ಗೊತ್ತಿರುವವರೂ ಇರುತ್ತಾರೆ. ಹುಡುಗಿ ಕಾರಣ ಕೇಳಿದರೆ ಉತ್ತರಿಸಬೇಕಾದವರು ಅವರು.